ಸೋಡಾ ಅಂಗಡಿಯ ಮುಂದೆ ನಿಂತ ಚುಕ್ಕಿ

ನಮ್ಮೂರಿನಲ್ಲಿ ಆಟೋ ಕರೆಯುವವರು ಮೊದಲು ಒಂದು ಹಸಿಮೆಣಸಿನಕಾಯಿ ಕಡಿಯುತ್ತಾರೆ. ಆಮೇಲೆ ಫೋನು ತೆಗೆಯುತ್ತಾರೆ. ಖಾರ ನೆತ್ತಿಗೇರಿ ಕಣ್ಣಲ್ಲಿ ನೀರು ಬರುವಷ್ಟು ಹೊತ್ತು ಮನಸ್ಸು ನಾಲಿಗೆಯ ಮೇಲೇ ಇರುತ್ತದೆ. ಆಗ ಬುಕ್ ಮಾಡಿದರೆ ನಕ್ಷೆಯಲ್ಲಿ ಅವರ ಚುಕ್ಕಿ ಅವರು ನಿಂತಲ್ಲೇ ಬೀಳುತ್ತದೆ. ಖಾರ ಇಳಿಯಿತೋ, ಮನಸ್ಸು ಹೋದ ಕಡೆ ಚುಕ್ಕಿಯೂ ಹೋಯಿತು. ತರಕಾರಿ ಮಾರುವ ಹೊನ್ನವ್ವ ಈಗ ಬದನೆ, ಹೀರೆ ಎಲ್ಲ ಬಿಟ್ಟು ಆಟೋ ಸ್ಟ್ಯಾಂಡಿನ ಮುಂದೆ ಬರೀ ಮೆಣಸಿನಕಾಯಿಯ ಬುಟ್ಟಿ ಇಟ್ಟುಕೊಂಡು ಕೂತಿದ್ದಾಳೆ.

ಖಾರ ನಾಟದವರು, ಹೊಟ್ಟೆಹುಣ್ಣಿನವರು, ನನ್ನ ಮನಸ್ಸು ನನ್ನ ಕೈಯಲ್ಲೇ ಇದೆ ಎಂದು ಜಂಬ ಕೊಚ್ಚುವವರು ಮೆಣಸಿನಕಾಯಿ ಕಡಿಯದೆಯೇ ಬುಕ್ ಮಾಡುತ್ತಾರೆ. ಅಂಥವರಿಗೆ ಆಟೋ ಓಡಿಸುವ ನಾವು ಫೋನು ಹಚ್ಚಿ ಕೇಳುವ ಮಾತು ಒಂದೇ: "ಚುಕ್ಕಿ ಸುದ್ದಿ ಬಿಡ್ರಿ, ಮೈ ಎಲ್ಲೈತಿ ಅದನ್ನ ಹೇಳ್ರಿ." ಗಣಿತದ ಮಾಸ್ತರರೊಬ್ಬರು ದಿನಾ ಶಾಲೆಯ ಗೇಟಿನಲ್ಲಿ ನಿಂತು ಬುಕ್ ಮಾಡುತ್ತಾರೆ; ಚುಕ್ಕಿ ಮಾತ್ರ ಖಾನಾವಳಿಯ ಬಾಗಿಲಲ್ಲಿರುತ್ತದೆ. ಪಾಪ, ಅವರ ಮನೆಯಲ್ಲಿ ಪಥ್ಯ. ಹೆಣ್ಣು ನೋಡುವ ಶಾಸ್ತ್ರಕ್ಕೆ ಬಂದ ಗಂಡಿಗೆ ಉಪ್ಪಿಟ್ಟು ಕೊಡುವ ಮೊದಲು, "ಎಲ್ಲಿ, ಒಂದ ಆಟೋ ಕರೀರಿ ನೋಡೋಣ" ಅನ್ನುವ ಪದ್ಧತಿಯೂ ನಮ್ಮಲ್ಲಿದೆ. ಹೋದ ವರ್ಷ ಒಬ್ಬನ ಚುಕ್ಕಿ ನರ್ಸಮ್ಮನ ಕ್ವಾರ್ಟರ್ಸಿನ ಮುಂದೆ ಬಿತ್ತು. "ಈ ನಕ್ಷೆ ಸುಳ್ಳು" ಎಂದು ಅವನು ಬೆವರಿದ. "ಸುಳ್ಳ ಇರಬಹುದಪ್ಪಾ, ನಮಗ್ಯಾಕ ಬೇಕು" ಎಂದು ಹೆಣ್ಣಿನ ತಂದೆ ಎದ್ದು ಗಂಡಿನ ಕಡೆಯವರ ಚಪ್ಪಲಿಗಳನ್ನು ಬೀದಿಯ ಕಡೆ ತಿರುಗಿಸಿಟ್ಟರು.

ನಕ್ಷೆ ಸರಿಯಿದೆಯೋ ಇಲ್ಲವೋ ಎಂದು ಕಂಪನಿ ಪ್ರತಿ ಸವಾರಿಯ ಕೊನೆಗೂ ಕೇಳುತ್ತದೆ. ಚುಕ್ಕಿ ಮೈಯ ಮೇಲೇ ಬಿದ್ದವರು ನಕ್ಷೆಯನ್ನು ಹೊಗಳುತ್ತಾರೆ. ಗುಟ್ಟು ರಟ್ಟಾದವರು ಬೈಯುತ್ತಾರೆ. ಕುಣಿಯಲಾರದವಳಿಗೆ ನೆಲ ಡೊಂಕು. ನನ್ನನ್ನು ಕೇಳಿದರೆ ನಾನು ಚನ್ನಮ್ಮಜ್ಜಿಯ ಆಡಿನ ಕಥೆ ಹೇಳುತ್ತೇನೆ. ಅಜ್ಜಿಯ ಆಡು ಕಳೆದುಹೋಗಿತ್ತು. ಎಲ್ಲ ಹುಡುಕಿ ಸೋತು, ಕಾಲುನೋವಿಗೆ ದವಾಖಾನೆಗೆ ಹೋಗಲು ಅವಳು ಆಟೋ ಹೇಳಿದಳು. ಅವಳ ಚುಕ್ಕಿ ಊರ ಹಿಂದಿನ ಹಾಳು ಕಲ್ಲುಗಣಿಯಲ್ಲಿ ಬಿತ್ತು. ನಮ್ಮ ಸ್ಟ್ಯಾಂಡಿನ ಹಿರಿಯ, ಇಮಾಮಸಾಬ ಕಾಕಾ, ಬೈದುಕೊಳ್ಳುತ್ತ ಅಲ್ಲಿಗೆ ಹೋದರೆ ಆಡು ಕಲ್ಲಿನ ಸಂದಿಯಲ್ಲಿ ಕಾಲು ಸಿಕ್ಕಿಸಿಕೊಂಡು ಅರಚುತ್ತಿತ್ತು. ಅಜ್ಜಿಗೆ ಅದು ಅಲ್ಲಿದೆಯೆಂದು ಗೊತ್ತೇ ಇರಲಿಲ್ಲ. ಮನಸ್ಸಿಗೆ ವಿಳಾಸ ಬೇಕಿಲ್ಲ ಎಂದು ನಾನು ಅವತ್ತು ತಿಳಿದೆ.

ಈ ಗುಣ ನಮ್ಮೂರಿನವರು ಎಲ್ಲಿಗೆ ಹೋದರೂ ಬೆನ್ನು ಬಿಡುವುದಿಲ್ಲ. ಊರು ಬಿಟ್ಟು ಹೋದವರು ದೂರದ ಯಾವುದೋ ಬೀದಿಯಲ್ಲಿ ನಿಂತು ಫೋನು ತೆಗೆದರೆ ಅವರ ಚುಕ್ಕಿ ಬಂದು ಬೀಳುವುದು ಇಲ್ಲಿ, ಹಿಟ್ಟಿನ ಗಿರಣಿಯ ಮುಂದೆ, ಹಳೇ ಈಜುಬಾವಿಯ ಪಾವಟಿಗೆಯ ಮೇಲೆ. ಹಾಗೆ ಬರುವ ಬಾಡಿಗೆಗೆ ನಾವು ಖಾಲಿ ಸವಾರಿ ಅನ್ನುತ್ತೇವೆ. ಚುಕ್ಕಿಯ ಜಾಗಕ್ಕೆ ಹೋಗಿ ನಿಲ್ಲಬೇಕು, ಫೋನು ಹಚ್ಚಿ "ಬಂದೀನ್ರಿ" ಅನ್ನಬೇಕು, ಹಿಂದಿನ ಸೀಟಿನ ಧೂಳು ಜಾಡಿಸಬೇಕು, ಆಮೇಲೆ ಖಾಲಿ ಗಾಡಿ ಓಡಿಸುತ್ತ ಕಣ್ಣಿಗೆ ಬಿದ್ದದ್ದನ್ನೆಲ್ಲ ಹೇಳುತ್ತ ಹೋಗಬೇಕು. ಎಡಕ್ಕೆ ಏನು ಬಂತು, ಬಲಕ್ಕೆ ಯಾರು ಕೂತಿದ್ದಾರೆ, ಒಗ್ಗರಣೆ ವಾಸನೆ ಯಾವ ಮನೆಯಿಂದ ಬರುತ್ತಿದೆ. ಇದಕ್ಕೆ ರೀತಿ ರಿವಾಜು ಇದೆ. ಅವರ ಹೆಸರು ಕೇಳುವಂತಿಲ್ಲ. ಮೈ ಎಲ್ಲಿದೆ ಎಂದಂತೂ ಕೇಳಲೇಬಾರದು. ಸುಳ್ಳು ಹೇಳುವಂತಿಲ್ಲ, ಆದರೆ ಅವರು ಕೇಳಿದ್ದು ಈಗ ಉಳಿದಿಲ್ಲವಾದರೆ 'ಇಲ್ಲ' ಅನ್ನಬಾರದು, 'ಕಾಣವಲ್ದು' ಅನ್ನಬೇಕು. ಸವಾರಿ ಮುಗಿಯಿತೆಂದರೆ ಮಾತೂ ಮುಗಿಯಿತು. ಕಂಪನಿ ನಂಬರನ್ನು ಮುಚ್ಚಿಟ್ಟಿರುತ್ತದೆ, ತಿರುಗಿ ಹಚ್ಚಲು ಆಗುವುದಿಲ್ಲ.

ಇನ್ನು ನನ್ನ ಪಾಡು. ಚುಕ್ಕಿ ಗಿರಾಕಿಗಳಿಗೆ ಇರುವಂತೆ ಗಾಡಿಯವರಿಗೂ ಇರುತ್ತದಲ್ಲ. ನಾನು ಊರ ಆ ತುದಿಯಲ್ಲಿರಲಿ ಈ ತುದಿಯಲ್ಲಿರಲಿ, ನನ್ನ ಆಟೋದ ಚುಕ್ಕಿ ಮಾತ್ರ ಕೊಟ್ರಪ್ಪನ ಸೋಡಾ ಅಂಗಡಿಯ ಮುಂದೆ ನಿಂತಿರುತ್ತಿತ್ತು. ಕೊಟ್ರಪ್ಪ ನನ್ನ ಅಪ್ಪ. ಅಂಗಡಿ ಈಗಿಲ್ಲ, ಅಪ್ಪನೂ ಇಲ್ಲ. ರಸ್ತೆ ಅಗಲ ಮಾಡುವಾಗ ಅಂಗಡಿ ಕೆಡವಿದರು. ಆ ಜಾಗದಲ್ಲಿ ತಂತಿಬೇಲಿ ಹಾಕಿ ಕರೆಂಟಿನ ಟ್ರಾನ್ಸ್‌ಫಾರ್ಮರ್ ನಿಲ್ಲಿಸಿದ್ದಾರೆ. ಪರಿಹಾರವಾಗಿ ಬಂದದ್ದರಲ್ಲಿ ನಾನು ಈ ಆಟೋ ತೆಗೆದುಕೊಂಡೆ. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳಲಿಲ್ಲ.

ಆ ಅಂಗಡಿಯ ಮುಂದೆ ನನಗೆ ಕಾಣುತ್ತಿದ್ದದ್ದು ಅಪ್ಪನಲ್ಲ, ನನ್ನ ಅಕ್ಕ ದಾಕ್ಷಾಯಣಿ. ಸೋಡಾ ಬಾಟಲಿಯ ಗೋಲಿಯನ್ನು ಹೆಬ್ಬೆರಳಿನಲ್ಲಿ ಒತ್ತಿ ಒಳಗೆ ಬೀಳಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಸದ್ದಿನ ಮೇಲೇ ಯಾವ ಬಾಟಲಿಯಲ್ಲಿ ಗ್ಯಾಸು ಕಡಿಮೆಯಾಗಿದೆ ಎಂದು ಹೇಳುತ್ತಿದ್ದಳು. ಸಂಜೆ ಗಿರಾಕಿ ಕಡಿಮೆಯಾದಾಗ ನಾವಿಬ್ಬರೂ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ, ಹಸಿಮೆಣಸಿನಕಾಯಿ ತಿನ್ನುತ್ತ ಒಂದೇ ಬಾಟಲಿಯನ್ನು ಹಂಚಿಕೊಳ್ಳುತ್ತಿದ್ದೆವು. ಒಂದು ಬೇಸಿಗೆಯಲ್ಲಿ ಊರಿಗೆ ಬೋರ್‌ವೆಲ್ ಕೊರೆಯುವ ಲಾರಿ ಬಂತು. ಲಾರಿಯವನೊಬ್ಬ ಬಾಯಾರಿಕೆ ಇಲ್ಲದಿದ್ದರೂ ಸೋಡಾ ಕುಡಿಯತೊಡಗಿದ. ಅವನ ಭಾಷೆ ನಮಗೆ ತಿಳಿಯುತ್ತಿರಲಿಲ್ಲ, ಅಕ್ಕನಿಗೆ ಅದು ಹೇಗೆ ತಿಳಿಯಿತೋ. ಒಂದು ದಿನ "ಪಾರಿ, ಬಾಟ್ಲಿ ತೊಳದಿಡು, ಬಂದೆ" ಎಂದು ಬಸ್ ಸ್ಟ್ಯಾಂಡಿನ ಕಡೆ ಹೋದವಳು ಬರಲಿಲ್ಲ. ನಾನು ಬಾಟಲಿ ತೊಳೆದಿಟ್ಟೆ. ಅಪ್ಪ ಅವಳ ಹೆಸರೆತ್ತುವುದನ್ನು ಬಿಟ್ಟ, ನನಗೂ ಎತ್ತಗೊಡಲಿಲ್ಲ.

ನನಗೆ ಅವಳು ಬೇಕಾಗಿದ್ದಳು. ಇದನ್ನು ಸುತ್ತಿ ಬಳಸಿ ಹೇಳುವುದೇನಿದೆ? ಸಿಟ್ಟು ಬಂದಾಗ ಬೈಯಲು, ಜ್ವರ ಬಂದಾಗ ಹಣೆ ಮುಟ್ಟಿಸಿಕೊಳ್ಳಲು, ಅಪ್ಪನನ್ನು ಮಣ್ಣು ಮಾಡಲು ಹೋಗುವಾಗ ಪಕ್ಕದಲ್ಲಿ ನಡೆಯಲು ಬೇಕಾಗಿದ್ದಳು. ಮೆಣಸಿನಕಾಯಿ ಕಡಿದರೆ ಎಲ್ಲರ ಮನಸ್ಸೂ ಮೈಗೆ ಬರುತ್ತದೆ. ನನ್ನದು ನೆಟ್ಟಗೆ ಆ ಮೆಟ್ಟಿಲಿಗೇ ಓಡುತ್ತಿತ್ತು. ಅಪ್ಪನ ಅಂಗಡಿ ಕೆಡವಿದಾಗ ಒಡೆದ ಗಾಜಿನಲ್ಲಿ ಸಿಕ್ಕ ಒಂದು ಹಸಿರು ಗೋಲಿಯನ್ನು ನಾನು ಸಣ್ಣ ಬಲೆಚೀಲದಲ್ಲಿ ಹಾಕಿ ಆಟೋದ ಕನ್ನಡಿಗೆ ಕಟ್ಟಿದ್ದೆ. ಗುಂಡಿ ಬಂದಾಗಲೆಲ್ಲ ಅದು ಗಾಜಿಗೆ ಬಡಿದು ಟಿಕ್ ಅನ್ನುತ್ತಿತ್ತು.

ಇದರಿಂದ ಅನ್ನಕ್ಕೆ ಕಲ್ಲು ಬೀಳುವ ಕಾಲ ಬಂತು. ನನ್ನ ಗಾಡಿ ಬುಕ್ ಮಾಡಿದವರು ನಕ್ಷೆ ನೋಡುತ್ತ ಕಾಯುವರು. ಚುಕ್ಕಿ ಅಲ್ಲಾಡುವುದೇ ಇಲ್ಲ. ನಾನು ಅವರ ಓಣಿಯ ತಿರುವಿನಲ್ಲಿದ್ದರೂ, ಇವಳು ಹೊರಟೇ ಇಲ್ಲ, ಸೋಡಾ ಕುಡಿಯುತ್ತ ನಿಂತಿದ್ದಾಳೆ ಎಂದುಕೊಂಡು ರದ್ದು ಮಾಡುವರು. ಕಂಪನಿಯ ಆಫೀಸಿನ ಪ್ರಾಣೇಶ ಒಳ್ಳೆಯ ಮನುಷ್ಯ, ಆದರೆ ಮೇಲಿನವರ ಮಾತು ಕೇಳಬೇಕಾದವನು. ನನ್ನನ್ನು ಕರೆಸಿದ.

"ಪಾರವ್ವಾರ, ಮ್ಯಾಲಿನವ್ರು ನಿಮ್ಮ ಹೆಸರ ತಗೀತೀವಿ ಅನ್ನಾಕತ್ತಾರ. ನಿಮ್ಮ ಗಾಡಿ ಮ್ಯಾಲ ನನಗೇನೂ ತಕರಾರಿಲ್ಲ. ಗಾಡಿ ಎಲ್ಲೈತೋ ಚುಕ್ಕೀನೂ ಅಲ್ಲೇ ಇರಬೇಕು, ಅಷ್ಟ."

"ನಾ ಏನ ಅದನ್ನ ಹಗ್ಗ ಹಾಕಿ ಅಲ್ಲಿ ಕಟ್ಟೀನೇನ್ರಿ?" ಎಂದೆ.

"ಕಟ್ಟೀರಿ ಅಂತನ ಅನಸ್ತೈತಿ," ಎಂದ ಪ್ರಾಣೇಶ, ಮೆಲ್ಲಗೆ.

ಸ್ಟ್ಯಾಂಡಿಗೆ ಬಂದು ಇಮಾಮಸಾಬ ಕಾಕಾನಿಗೆ ಹೇಳಿದೆ. ಕಾಕಾಗೆ ಈ ಪೀಡೆ ಗೊತ್ತು. ಮಗಳ ಬಾಣಂತನ ಬೇರೆ ಊರಿನಲ್ಲಿ ನಡೆದಾಗ ಅವನ ಚುಕ್ಕಿ ನಮ್ಮೂರಿನ ಎಲ್ಲೆಯನ್ನೇ ದಾಟಿ ಹೋಗಿತ್ತು. ಎಲ್ಲೆ ದಾಟಿದರೆ ಸವಾರಿ ತಾನಾಗಿ ರದ್ದಾಗುತ್ತದೆ. "ಕಾಕಾ, ಸವಾರಿ ರದ್ದಾತು ಅಂತ ಬಂದೈತಿ, ನಾ ಇಳೀಲೋ ಕೂಡ್ಲೋ?" ಎಂದು ಸೀಟಿನಲ್ಲಿದ್ದ ಗಿರಾಕಿ ಕೇಳಿದ್ದನ್ನು ಸ್ಟ್ಯಾಂಡಿನವರು ಇನ್ನೂ ಆಡಿಕೊಂಡು ನಗುತ್ತಾರೆ. ಅವತ್ತು ಮಾತ್ರ ಕಾಕಾ ನಗಲಿಲ್ಲ. ನನ್ನ ಕನ್ನಡಿಯನ್ನು ನೋಡಿದ.

"ಆ ಗೋಲಿ ತಗದ ಇಡವಾ."

"ಗೋಲಿ ಏನ ಮಾಡ್ತದ ಕಾಕಾ?"

"ಅದು ಟಿಕ್ ಅಂದಾಗೊಮ್ಮೆ ನಿನ್ನ ಮಾರಿ ನೀ ನೋಡಿಲ್ಲ. ನಾ ನೋಡೀನಿ. ಹೋದಾಕಿ ಹೋದ್ಲು. ನಿನ್ನ ಒಲಿ ಉರೀಬೇಕೋ ಬ್ಯಾಡೋ?"

ಮನೆಗೆ ಹೋಗಿ ಗೋಲಿಯನ್ನು ಅಕ್ಕಿಡಬ್ಬಿಯ ತಳಕ್ಕೆ ಒತ್ತಿದೆ. ಮರುದಿನ ಬೆಳಿಗ್ಗೆ ಫೋನು ತೆರೆದರೆ ನನ್ನ ಚುಕ್ಕಿ ನನ್ನ ಮನೆಯ ಮುಂದೆ, ನನ್ನ ಗಾಡಿಯ ಮೇಲೆ ಇತ್ತು. ಇಷ್ಟು ಸುಲಭವೇ ಎಂದು ನನಗೇ ನಾಚಿಕೆಯಾಯಿತು. ಆ ವಾರ ಬಾಡಿಗೆಯ ಮೇಲೆ ಬಾಡಿಗೆ. ಗಿರಾಕಿಗಳು ನಾನು ತಿರುವಿನಲ್ಲಿ ಬರುವ ಮೊದಲೇ ಕೈ ಎತ್ತಿ ನಿಂತಿರುತ್ತಿದ್ದರು. ಊಟಕ್ಕೂ ಪುರುಸೊತ್ತಿಲ್ಲ, ನೆನೆಯಲು ಎಲ್ಲಿಯ ಪುರುಸೊತ್ತು? ಪ್ರಾಣೇಶ ರಸ್ತೆಯಲ್ಲಿ ಸಿಕ್ಕಿ ಹೆಬ್ಬೆರಳು ಎತ್ತಿದ. ನಾನೂ ನಕ್ಕೆ. ಒಳಗೆ ಮಾತ್ರ, ಬೀಗರು ಹೋದ ಮೇಲಿನ ಮನೆಯ ಹಾಗೆ ಬಿಕೋ ಅನ್ನುತ್ತಿತ್ತು. ಹೊಟ್ಟೆ ತುಂಬಿದರೆ ಇಂಥದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಆ ವಾರದ ಕೊನೆಗೆ, ಮಧ್ಯಾಹ್ನದ ಬಿಸಿಲಿನಲ್ಲಿ, ಒಂದು ಖಾಲಿ ಸವಾರಿ ಬಂತು. ಹತ್ತುವ ಜಾಗ ಹಳೇ ಸೋಡಾ ಅಂಗಡಿ, ಇಳಿಯುವ ಜಾಗ ಬಸ್ ಸ್ಟ್ಯಾಂಡು. ನಾನು ಸ್ವಲ್ಪ ಹೊತ್ತು ಫೋನನ್ನೇ ನೋಡಿದೆ. ಊರಿನವರು ಎಷ್ಟೋ ಜನ ಆ ಅಂಗಡಿಯ ಸೋಡಾ ಕುಡಿದವರು, ಯಾರಾದರೂ ಆಗಿರಬಹುದು. ಹೋಗಿ ಟ್ರಾನ್ಸ್‌ಫಾರ್ಮರಿನ ಬೇಲಿಯ ಪಕ್ಕದಲ್ಲಿ ಗಾಡಿ ನಿಲ್ಲಿಸಿ ಫೋನು ಹಚ್ಚಿದೆ.

"ಬಂದೀನ್ರಿ."

ಆ ಕಡೆಯಿಂದ ಮೊದಲು ಕೆಮ್ಮು ಕೇಳಿಸಿತು. ಎಲ್ಲೋ ಹಿಂದೆ ಮಿಕ್ಸರ್ ತಿರುಗುವ ಸದ್ದು. ಆಮೇಲೆ ಒಂದು ಹೆಣ್ಣಿನ ದನಿ, "ಅಕ್ಕಾರ, ಹೊರಡೂಕಿಂತ ಮೊದಲ ಒಂದ ಮಾತ ಕೇಳ್ಲೇನ್ರಿ? ಅಲ್ಲೊಂದು ಆಟೋ ದಿನಾ ನಿಂದರತಿತ್ತು. ಅಂಗಡಿ ಮುಂದ. ಈ ವಾರದಾಗ ಕಾಣವಲ್ದು. ಅಂಗಡಿ ಬಾಗಲಾ ಹಾಕ್ಯಾರೇನ್ರಿ?"

ದನಿ ದಪ್ಪಗಾಗಿತ್ತು, ನಡುನಡುವೆ ಕೆಮ್ಮು ಬರುತ್ತಿತ್ತು. ಆದರೂ 'ಅಂಗಡಿ' ಎಂಬ ಮಾತನ್ನು ಹಾಗೆ ಎಳೆದು, ಕೊನೆಗೆ ಅಷ್ಟು ಮುದ್ದಾಗಿ ಬಿಡುವವಳು ಭೂಮಿಯ ಮೇಲೆ ಒಬ್ಬಳೇ.  ಹೆಸರು ಕೇಳಬಾರದು. ಮೈ ಎಲ್ಲಿದೆ ಎಂದು ಕೇಳಬಾರದು. ನಾನು ಹಿಂದಿನ ಸೀಟಿನ ಧೂಳು ಜಾಡಿಸಿದೆ, ಎರಡು ಸಲ ಜಾಡಿಸಿದೆ.

"ಅಂಗಡಿ ಕಾಣವಲ್ದುರಿ," ಎಂದೆ.

ಅವಳೂ ಈ ಊರಿನವಳೇ. ಆ ಮಾತಿನ ಅರ್ಥ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಮ್ಮೆ ಕೆಮ್ಮಿದಳು. ಆಮೇಲೆ, "ನಡೀರಿ," ಎಂದಳು.

ನಾನು ಗಾಡಿ ಬಿಟ್ಟೆ, ಹೇಳುತ್ತ ಹೋದೆ. ಬಲಕ್ಕೆ ಬಡಿಗೇರ ಮನೆ, ಹೊರಗೆ ಹೊಸ ಬಾಗಿಲು ಒಣಗಲು ನಿಲ್ಲಿಸಿದ್ದಾರೆ. ಎಡಕ್ಕೆ ಹಿಟ್ಟಿನ ಗಿರಣಿ, ಜೋಳದ ಡಬ್ಬಿಗಳ ಸಾಲು. ಹೊಂಡದ ಮೂಲೆಯ ಬೇವಿನ ಗಿಡ ಇದೆ, ಇನ್ನೂ ದಪ್ಪಗಾಗಿದೆ. ಅದರ ಕೆಳಗೆ ಇಬ್ಬರು ಹುಲಿಮನೆ ಆಡುತ್ತಿದ್ದಾರೆ. ಅವಳು ಒಂದೊಂದಕ್ಕೂ "ಹ್ಞೂಂ", "ಹ್ಞೂಂ" ಅನ್ನುತ್ತಿದ್ದಳು. ನಾನು ಗಾಡಿಯನ್ನು ಎಷ್ಟು ನಿಧಾನ ಮಾಡಿದೆನೆಂದರೆ ಸೈಕಲ್ಲಿನವನೊಬ್ಬ ಹಿಂದಿನಿಂದ ಬೈದು ಮುಂದೆ ಹೋದ.

"ಬಸ್ ಸ್ಟ್ಯಾಂಡ್ ಬಂತೇನ್ರಿ?" ಎಂದು ಕೇಳಿದಳು.

"ಕಮಾನು ಕಾಣಾಕತ್ತೈತಿ."

"ಹಂಗಾರ ಜಲ್ದಿ ಹೇಳಿಬಿಡ್ತೀನಿ. ನಿಮ್ಮ ಹೆಸರ ಬಂದೈತ್ರಿ ಇಲ್ಲಿ, ಪಾರ್ವತಿ ಅಂತ. ಊರಾಗ ಪಾರ್ವತಿಗಳಿಗೇನ ಬರ ಅಂದ್ಕೊಂಡೆ. ಆದ್ರೂ ಹೇಳ್ತೀನಿ. ನಾ ದಿನಾ ಮುಂಜಾನೆ ಇದನ್ನ ತಗದ ನೋಡ್ತಿದ್ನಿ. ಬುಕ್ ಮಾಡಾಕಲ್ಲ, ಬರೇ ನೋಡಾಕ. ಉಳಿದ ಆಟೋ ಎಲ್ಲಾ ಓಡ್ಯಾಡತಿದ್ವು. ಒಂದ ಮಾತ್ರ ನಮ್ಮ ಅಂಗಡಿ ಮುಂದ ನಿಂತ ಬಿಟ್ಟಿರತಿತ್ತು. ಅಪ್ಪನ ಸೋಡಾಕ್ಕ ಇನ್ನೂ ಗಿರಾಕಿ ಅದಾರ, ಅಂಗಡಿ ಚಲೋ ನಡದೈತಿ, ತಂಗಿ ಸೋಡಾ ಒಡ್ಯಾಕತ್ತಾಳ ಅಂದ್ಕೊಂಡೆ. ನಾ ಇಲ್ಲದ ಎಲ್ಲಾ ಚಂದ ಐತಿ, ಈಗ ಹೋಗಿ ಯಾಕ ಕೆಡಸ್ಲಿ ಅಂತ ಸುಮ್ಮಕಾದೆ. ಇಷ್ಟ ವರ್ಷ ಆ ಆಟೋದ ಮ್ಯಾಲ ಭರೋಸಾ ಇಟ್ಟ ಕುಂತಿದ್ನಿ."

ನಾನು ಕಮಾನಿನ ಈಚೆಯೇ ಗಾಡಿ ನಿಲ್ಲಿಸಿದೆ. ಹಿಂದೆ ಬಸ್ಸು ಹಾರ್ನ್ ಹೊಡೆಯಿತು, ಹೊಡೆದುಕೊಳ್ಳಲಿ. ರೀತಿ ರಿವಾಜು ಹಾಳಾಗಿ ಹೋಗಲಿ.

"ಅಂಗಡಿ ಇಲ್ಲ ಅಕ್ಕಾ," ಎಂದೆ. "ಇಲ್ಲ ಅಂದ್ರ ಇಲ್ಲ. ಕೆಡವಿ ಬಹಳ ದಿನಾ ಆತು. ಅಪ್ಪಾನೂ ಇಲ್ಲ. ಅಲ್ಲಿ ಯಾವ ಗಿರಾಕೀನೂ ನಿಂದರತಿರಲಿಲ್ಲ. ಆ ಆಟೋ ನಂದು. ಅದೂ ಆಟೋ ಅಲ್ಲ, ಬರೇ ಅದರ ಚುಕ್ಕಿ. ಗಾಡಿ ತಗೊಂಡು ನಾ ಊರ ತುಂಬಾ ತಿರಗ್ಯಾಡತಿದ್ದೆ."

ಅವಳು ಅಳುತ್ತಿದ್ದಳೋ ಕೆಮ್ಮುತ್ತಿದ್ದಳೋ ತಿಳಿಯಲಿಲ್ಲ. ಆಮೇಲೆ ಚಿಕ್ಕ ದನಿಯಲ್ಲಿ, "ಹಂಗಾರ ನೀ ಅಲ್ಲಿ ಇರಲೇ ಇಲ್ಲೇನ ಪಾರಿ?" ಎಂದಳು.

"ಅಲ್ಲೇ ಇದ್ನೆವಾ. ದಿನಾ ಅಲ್ಲೇ ಇದ್ದೆ."

ಮಿಕ್ಸರ್ ನಿಂತಿತು. ಯಾವುದೋ ಮಗು ಲಾರಿಯವನ ಆ ಭಾಷೆಯಲ್ಲಿ ಅವಳನ್ನು ಏನೋ ಕೇಳಿತು. ಅವಳು ಆ ಭಾಷೆಯಲ್ಲೇ ಗದರಿದಳು. ಅಲ್ಲಿಯತನಕ ನಾನು ಹಂಬಲಿಸಿದ್ದು ಮೆಟ್ಟಿಲ ಮೇಲೆ ಕೂತು ನನ್ನ ಪಾಲಿನ ಗುಟುಕು ಕದಿಯುವ ಹುಡುಗಿಗಾಗಿ. ಆ ಹೊತ್ತಿಗೆ ನನಗೆ ಆ ಹುಡುಗಿ ಬೇಡವಾದಳು. ಈ ಕೆಮ್ಮುವವಳು ಬೇಕು, ನಾನು ಕಾಣದ ಅಡಿಗೆಮನೆಯಲ್ಲಿ ನಿಂತವಳು, ನನಗೆ ತಿಳಿಯದ ಭಾಷೆಯಲ್ಲಿ ಮಗುವಿಗೆ ಗದರುವವಳು ಬೇಕು ಅನ್ನಿಸಿತು. ಕೇಳಬಾರದ್ದನ್ನು ಕೇಳಿಬಿಟ್ಟೆ.

"ಎಲ್ಲಿ ಅದಿ ಅಕ್ಕಾ? ಮೈ ಎಲ್ಲೈತಿ ನಿಂದು?"

ಫೋನು ಕಟ್ಟಾಯಿತು. ತೆರೆಯ ಮೇಲೆ ಕೆಂಪು ಅಕ್ಷರಗಳು ಮೂಡಿದ್ದವು: 'ಚಾಲಕರು ಊರಿನ ಎಲ್ಲೆ ದಾಟಿದ್ದಾರೆ. ಸವಾರಿ ರದ್ದಾಗಿದೆ.' ತಿರುಗಿ ಹಚ್ಚಲು ನಂಬರಿಲ್ಲ, ಹುಡುಕಲು ವಿಳಾಸವಿಲ್ಲ. ಇಷ್ಟು ವರ್ಷಕ್ಕೆ ಸಿಕ್ಕ ದನಿಯನ್ನು ನನ್ನ ಮನಸ್ಸೇ ಓಡಿಹೋಗಿ ಕಡಿದು ಹಾಕಿತ್ತು. ಬಸ್ ಸ್ಟ್ಯಾಂಡಿನ ಕಮಾನಿನ ಕೆಳಗೆ ನಾನು ಬಾಯಿಬಿಟ್ಟು ಅತ್ತೆ. ಕಂಡಕ್ಟರೊಬ್ಬ ಬಂದು ನೀರಿನ ಬಾಟಲಿ ಕೊಟ್ಟ. ನೀರು ಕುಡಿಯುತ್ತ ಆ ಕೆಂಪು ಅಕ್ಷರಗಳನ್ನು ಮತ್ತೊಮ್ಮೆ ಓದಿದೆ. ಎಲ್ಲೆ ದಾಟಿದ್ದಾರೆ. ದಾಟಿ ಎಲ್ಲಿಗೆ ಹೋದರು?

ಎರಡು ಬೆರಳಿನಲ್ಲಿ ನಕ್ಷೆಯನ್ನು ಚಿಕ್ಕದು ಮಾಡುತ್ತ ಹೋದೆ. ಓಣಿಗಳು ಮಾಯವಾದವು, ಊರು ಎಳ್ಳಿನಷ್ಟಾಯಿತು. ಒಂದು ಹೊಳೆ ಬಂತು, ಅದರಾಚೆ ಗುಡ್ಡದ ಸಾಲು, ಅದರಾಚೆ ನನಗೆ ಓದಲು ಬಾರದ ಲಿಪಿಯಲ್ಲಿ ಊರುಗಳ ಹೆಸರು. ಅಂಥ ಒಂದು ಹೆಸರಿನ ಪಕ್ಕದಲ್ಲಿ, ಒಂದು ಸಣ್ಣ ಬೀದಿಯಲ್ಲಿ, ನನ್ನ ಆಟೋದ ಚುಕ್ಕಿ ನಿಂತಿತ್ತು. ಅಲ್ಲಾಡಲಿಲ್ಲ.

ಸ್ಟ್ಯಾಂಡಿಗೆ ಹೋಗಿ ಕಾಕಾನಿಗೆ ನಡೆದದ್ದನ್ನು ಹೇಳಿ ಆ ಚುಕ್ಕಿಯನ್ನು ತೋರಿಸಿದೆ. ಅವನು ಕನ್ನಡಕ ಏರಿಸಿ ನೋಡಿದ.

"ಈ ನಕ್ಷೆ ನಂಬಿ ಅಷ್ಟ ದೂರ ಹೊಂಟಿ? ಇದಕ್ಕ ಬೈಯದ ಮಂದಿ ಈ ಊರಾಗ ಯಾರದಾರ?"

"ಚನ್ನಮ್ಮಜ್ಜಿ ಬೈಯೂದಿಲ್ಲ ಕಾಕಾ."

ಕಾಕಾ ಕನ್ನಡಕ ಇಳಿಸಿದ. ಹೊನ್ನವ್ವನ ಬುಟ್ಟಿಯಿಂದ ಒಂದು ಹಿಡಿ ಮೆಣಸಿನಕಾಯಿ ತೆಗೆದು ನನ್ನ ಡ್ಯಾಶ್‌ಬೋರ್ಡಿನ ಮೇಲಿಟ್ಟ. "ದಾರ್ಯಾಗ ನಿದ್ದಿ ಬಂದ್ರ ಕಡಿ," ಎಂದ. ನಾನು ಮನೆಗೆ ಹೋಗಿ ಅಕ್ಕಿಡಬ್ಬಿಯಲ್ಲಿ ಕೈ ಹಾಕಿದೆ. ಗೋಲಿಗೆ ಅಂಟಿದ ಅಕ್ಕಿಯ ಪುಡಿಯನ್ನು ಸೆರಗಿನಲ್ಲಿ ಒರೆಸಿ ಕನ್ನಡಿಗೆ ಕಟ್ಟಿ, ಗ್ಯಾಸು ತುಂಬಿಸಿಕೊಂಡು ಹೊರಟೆ. ಊರ ಕೊನೆಯ ಕಲ್ಲು ದಾಟುವಾಗ ಪ್ರಾಣೇಶನ ಫೋನು ಬಂತು.

"ಪಾರವ್ವಾರ, ಏನ್ರಿ ಇದು! ಒಂದ ವಾರ ನೆಟ್ಟಗಿತ್ತು, ಈಗ ನಿಮ್ಮ ಚುಕ್ಕಿ ಊರನ್ನ ಬಿಟ್ಟು ಎಲ್ಲೋ ಹೋಗಿ ನಿಂತೈತಿ. ಚುಕ್ಕಿ, ಗಾಡಿ ಎರಡೂ ಒಂದ ಕಡೆ ಇರಬೇಕು ಅಂತ ಎಷ್ಟ ಸಲ ಹೇಳಬೇಕು ನಿಮಗ?"

ಗುಂಡಿಯಲ್ಲಿ ಗಾಡಿ ಎಗರಿತು. ಗೋಲಿ ಟಿಕ್ ಅಂದಿತು.

"ಅದಕ್ಕ ಹೊಂಟೀನ್ರಿ," ಎಂದೆ. "ಗಾಡಿ ಈಗ ಚುಕ್ಕಿ ಇದ್ದ ಕಡೇನ ಹೊಂಟೈತಿ."